ಕೆಂಪು ಗೀಟಿನ ಕೆಳಗಿನ ಸಾಲು

ಅಣುತ್ಯಾಜ್ಯದ ಉಗ್ರಾಣದ ತಪಾಸಕಿಗೆ ಮೂಗಿನ ಮೇಲೇ ಕೋಪ ಎಂದು ಇಡೀ ಕಚೇರಿಗೆ ಗೊತ್ತಿತ್ತು. ಅಂಥವಳು ಅವತ್ತು ಒಬ್ಬ ಅಜ್ಜನ ಮನೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ಮೂವತ್ತೊಂದು ವರ್ಷದ ಹಿಂದೆ ಅದೇ ಉಗ್ರಾಣದ ಪೀಪಾಯಿಗಳ ಮುಚ್ಚಳಕ್ಕೆ ವೆಲ್ಡಿಂಗ್ ಮಾಡುತ್ತಿದ್ದವರು ಅವರು.

ಆ ಪೀಪಾಯಿಗಳಲ್ಲಿರುವ ಕಸದ ವಿಷ ಸಾವಿರಾರು ವರ್ಷ ಇಳಿಯುವುದಿಲ್ಲ. ನೋಡಿಕೊಳ್ಳುವವರು ಸಾಯುತ್ತಾರೆ, ಕಸ ಸಾಯುವುದಿಲ್ಲ. ಅದಕ್ಕೇ ಪ್ರತಿ ಪೀಪಾಯಿಗೂ ಒಂದು ಚೀಟಿ ಉಂಟು. ಅದರ ಕೊನೆಗೆ ‘ಮುಂದಿನವರಿಗೆ’ ಎಂದು ಒಂದು ಖಾಲಿ ಜಾಗ. ಎಲ್ಲರೂ ಅಲ್ಲಿ ‘ಏನಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಈ ವೆಲ್ಡರ್ ಮಾತ್ರ ಒಂದು ಚೀಟಿಯಲ್ಲಿ ಬರೆದಿದ್ದರು: ‘ಜ್ವರವಿತ್ತು, ಹೇಳದೆ ಕೆಲಸಕ್ಕೆ ಬಂದೆ, ಕೈ ನಡುಗಿತು. ಈ ಬೆಸುಗೆಯನ್ನು ನಂಬಬೇಡಿ.’ ಆಗಿನ ಸಾಹೇಬರು ಹೊರಗಿನಿಂದ ಒಮ್ಮೆ ನೋಡಿ, ಸರಿಯಿದೆ ಎಂದು ಆ ಸಾಲಿನ ಮೇಲೆ ಕೆಂಪು ಗೀಟು ಎಳೆದರು. ವೆಲ್ಡರನ್ನು ಗೇಟು ಕಾಯಲು ಹಾಕಿದರು. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಅದು.

ಈ ತಿಂಗಳು ಆ ಪೀಪಾಯಿಗಳ ಸುತ್ತ ಕಾಂಕ್ರೀಟು ಸುರಿಯುವುದಿತ್ತು. ಅದಕ್ಕೆ ಮುಂಚೆ ತಪಾಸಕಿ ಗೀಟಿನ ಕೆಳಗಿನದನ್ನು ಓದಿ, ಹಟ ಹಿಡಿದು ಪರೀಕ್ಷೆ ಮಾಡಿಸಿದಳು. ಬೆಸುಗೆಯೊಳಗೆ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಪುಣ್ಯಕ್ಕೆ ಇನ್ನೂ ಸೋರಿರಲಿಲ್ಲ. ಅದನ್ನು ಇನ್ನೊಂದು ದಪ್ಪ ಪೀಪಾಯಿಯೊಳಗಿಟ್ಟು ಭದ್ರ ಮಾಡಿದರು. ಕಚೇರಿಯವರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಬರುವ ವಾರ ಮುಖ್ಯ ತಪಾಸಕಿಯ ಹುದ್ದೆಯೂ ಗಟ್ಟಿ ಎಂದರು.

ಇದನ್ನೆಲ್ಲ ಕೇಳುತ್ತ ಅಜ್ಜ ಮೊಣಕಾಲು ಸವರಿಕೊಂಡು ಕೂತಿದ್ದರು. ಪೀಪಾಯಿಯ ನಂಬರನ್ನು ಅವಳಿಗಿಂತ ಮುಂಚೆ ಅವರೇ ಹೇಳಿದರು. ಅವಳಿಗೆ ಅಳು ತಡೆಯಲಾಗಲಿಲ್ಲ.

“ನಿಮ್ಮಿಂದ ಉಳಕೊಂಡ್ವಿ. ಅದನ್ನ ಹೇಳೋಕೇ ಬಂದೆ,” ಎಂದಳು.

ಆಮೇಲೆ, ಯಾರಿಗೂ ಹೇಳದಿದ್ದುದನ್ನೂ ಹೇಳಿಬಿಟ್ಟಳು. ಹೋದ ವರ್ಷದ ತಪಾಸಣೆಯಲ್ಲೂ ಅದೇ ಚೀಟಿ ಅವಳ ಕೈಗೆ ಬಂದಿತ್ತು. ಸಾಹೇಬರೇ ಗೀಟು ಎಳೆದಿದ್ದಾರಲ್ಲ ಎಂದು ಓದದೆ ಸಹಿ ಹಾಕಿದ್ದಳು.

“ಅದನ್ನ ಬರೆದ್ಯೇನಮ್ಮಾ?”

ಇಲ್ಲ ಎಂದು ತಲೆಯಾಡಿಸಿದಳು. ಬರೆದರೆ ಹುದ್ದೆಗೆ ಕಲ್ಲು ಬಿದ್ದ ಹಾಗೇ ಎಂದಳು.

“ಬೀಳತ್ತೆ. ನಂಗೂ ಬಿತ್ತು. ಗೇಟ್ ಹತ್ರ ಗಾಳಿ ಚೆನ್ನಾಗಿತ್ತು ಬಿಡು,” ಎಂದು ಅಜ್ಜ ನಕ್ಕರು. “ಆದ್ರೆ ನಾನು ಬರೀದೆ ಹೋಗಿದ್ರೆ ಇವತ್ತು ನೀನು ಬರ್ತಿದ್ಯಾ?”

ಮಧ್ಯಾಹ್ನ ಕಚೇರಿಗೆ ಮರಳಿದವಳು ಆ ಪೀಪಾಯಿಯ ಹೊಸ ಚೀಟಿ ತೆಗೆದು ಬರೆದಳು: ‘ಹೋದ ವರ್ಷ ಇದನ್ನು ಓದದೆ ಸಹಿ ಹಾಕಿದವಳು ನಾನೇ. ಗೀಟು ಹೊಡೆದದ್ದನ್ನೂ ಓದಿ.’ ಈಗಿನ ಸಾಹೇಬರು ನೋಡಿ ಮುಖ ಹುಳ್ಳಗೆ ಮಾಡಿದರು. ಮಾಡಲಿ. ಅವಳ ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು.

ತನ್ನ ಅದೃಷ್ಟ ಎಷ್ಟು ದೊಡ್ಡದೆಂದು ಅವಳಿಗೆ ಆಗ ಹೊಳೆಯಿತು. ಉಪಕಾರ ಮಾಡಿದವರು ಬದುಕಿದ್ದರು, ಎದುರು ಕೂತು ಮಾತಾಡಿದರು. ಅವಳ ಚೀಟಿಯನ್ನು ಮುನ್ನೂರು ವರ್ಷದ ಮೇಲೆ ಓದುವವರಿಗೆ ತಟ್ಟಲು ಯಾವ ಬಾಗಿಲೂ ಇರುವುದಿಲ್ಲ. ಅದಕ್ಕೇ ಆ ಉಪಕಾರದ ಮಾತನ್ನು ತಾನೇ ಮೊದಲು ಹೇಳಿಬಿಡೋಣ ಎಂದು ಪೆನ್ನು ಮತ್ತೆ ಎತ್ತಿಕೊಂಡು, ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಓದಿದಿರಲ್ಲ, ನಿಮ್ಮಿಂದ ಉಪಕಾರವಾಯಿತು.’