ಕೈ ಕಾಣುವ ಹಾಗೆ

ಚೆಕ್‌ಪೋಸ್ಟಿನ ಇಸ್ರೇಲಿ ಸೈನಿಕರು ನನ್ನ ಮಗಳು ಹನಾದಿಯನ್ನು ಕಾರಿನಿಂದ ಇಳಿಸಿ ತಪಾಸಣೆಯ ಕೋಣೆಗೆ ಕರೆದೊಯ್ದು ಇಪ್ಪತ್ತು ನಿಮಿಷವಾಗಿತ್ತು. ಹಿಂದಿನ ಸೀಟಿನಲ್ಲಿ ವರ್ನೆಲ್ ಕೂತಿದ್ದಳು. ಅವಳ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ವರ್ನೆಲ್ ಅಮೆರಿಕದ ಸೇಂಟ್ ಲೂಯಿಸ್‌ನ ಕಪ್ಪು ಹೆಂಗಸು. ಅವಳ ಮಗನನ್ನು ಪೊಲೀಸರು ರಸ್ತೆಯಲ್ಲಿ ಕಾರು ನಿಲ್ಲಿಸಿ ಗುಂಡಿಕ್ಕಿ ಕೊಂದಿದ್ದರು. ಆಗ ನಡೆದ ಪ್ರತಿಭಟನೆಯ ಮೆರವಣಿಗೆಯಲ್ಲಿ ಅಲ್ಲಿದ್ದ ನಮ್ಮ ಪ್ಯಾಲೆಸ್ಟೀನಿನ ಹುಡುಗರೂ ಹೆಜ್ಜೆ ಹಾಕಿದ್ದರಂತೆ. ಅದನ್ನು ಮರೆಯದೆ ಈ ಸಲ ನಾಬ್ಲುಸ್ ಹತ್ತಿರದ ನಮ್ಮೂರಿಗೆ ಆಲಿವ್ ಬಿಡಿಸಲು ಬಂದಿದ್ದಳು.

ಅವಳನ್ನು ಮನೆಗೆ ಸೇರಿಸಲು ನಾನು ಹಿಂದೆಮುಂದೆ ನೋಡಿದ್ದೆ. ಡೆಟ್ರಾಯಿಟ್‌ನ ಅಣ್ಣನ ಅಂಗಡಿಯಲ್ಲಿ ಗುಂಡು ತೂರದ ಗಾಜಿನ ಹಿಂದೆ ಎಂಟು ವರ್ಷ ಕೂತವನು ನಾನು. ಅವಳಂಥ ಕಪ್ಪು ಜನರಿಗೆ ಹಾಲು, ಬ್ರೆಡ್ಡು ಮಾರಿದೆ. ಒಬ್ಬರ ಹೆಸರನ್ನೂ ಕೇಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಹನಾದಿಗೆ ಮಾತ್ರ ಅವಳು ಮೊದಲ ದಿನವೇ ದೊಡ್ಡಮ್ಮನಾದಳು. ಅಡುಗೆಮನೆಯಲ್ಲಿ ಕಾಯಿಗಳಿಂದ ಎಲೆ ಆರಿಸುತ್ತ ಇಬ್ಬರೂ ಪಾಠ ಬದಲಾಯಿಸಿಕೊಳ್ಳುತ್ತಿದ್ದರು.

"ಪೊಲೀಸ್ರು ತಡೆದ್ರೆ ಎರಡೂ ಕೈ ಕಾಣೋ ಹಾಗಿಡು. ಚೀಲಕ್ಕೆ ಕೈ ಹಾಕೋ ಮುಂಚೆ ಬಾಯ್ಬಿಟ್ಟು ಹೇಳು, ಸಾರ್, ಕಾರ್ಡ್ ತೆಗೀತಿದ್ದೀನಿ ಅಂತ."

"ನಮ್ಮಲ್ಲೂ ಹಂಗೇ ದೊಡ್ಡಮ್ಮ. ಬಾಯಿ ಮಾತ್ರ ಮುಚ್ಕೊಂಡಿರ್ಬೇಕು."

"ಸುಮ್ನಿದ್ರೆ ಅವ್ರಿಗೇ ಭಯ ಆಗತ್ತೆ ಕಣೆ. ಭಯ ಆದ್ರೆ ಹೊಡೀತಾರೆ."

"ಇಬ್ರೂ ಸೇರಿ ಒಂದು ಸ್ಕೂಲು ತೆಗೀರಿ, ಫೀಸು ಬೇರೆ ಬರತ್ತೆ," ಎಂದಳು ನನ್ನ ಹೆಂಡತಿ, ರೊಟ್ಟಿ ತಿರುವುತ್ತ. ನಾನೂ ನಕ್ಕೆ.

ಇವತ್ತು ಮಧ್ಯಾಹ್ನ ಇಲ್ಲಿ ಸೈನಿಕ ಗುರುತಿನ ಕಾರ್ಡು ಕೇಳಿದಾಗ ಹನಾದಿ ಎರಡೂ ಕೈಗಳನ್ನು ಮುಂದೆ ಚಾಚಿ, ಸ್ವಚ್ಛ ಇಂಗ್ಲಿಷಿನಲ್ಲಿ, "ಸಾರ್, ಕಾರ್ಡು ಚೀಲದಲ್ಲಿದೆ. ಈಗ ಬಲಗೈಲಿ ತೆಗೀತೀನಿ," ಎಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು ಬಂದೂಕು ಎತ್ತಿದ.

"ಯಾರು ಕಲಿಸಿದ್ದು ನಿನಗಿದು?"

"ಯಾರೂ ಇಲ್ಲ," ಎಂದಳು ನನ್ನ ಮಗಳು. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

"ಇಳಿ."

ವರ್ನೆಲ್‌ಳ ಪಾಸ್‌ಪೋರ್ಟನ್ನು ನೋಡಿದ ಶಾಸ್ತ್ರ ಮಾಡಿ, ನೀವಿಬ್ಬರು ಹೋಗಬಹುದು ಎಂದ. ನಾನು ಕಾರನ್ನು ಪಕ್ಕಕ್ಕೆ ಹಾಕಿ ಅಲ್ಲೇ ಉಳಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಜೀಪು ಬಂತು. ಅದರಿಂದಿಳಿದ ನಾಲ್ವರೂ ಅದೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನನಗೆ ತಡೆಯಲಾಗಲಿಲ್ಲ. "ನಿನ್ನ ಪಾಠನ ನಿನ್ನೂರಲ್ಲೇ ಇಟ್ಕೋಬಾರ್ದಿತ್ತಾ ಅಕ್ಕ?"

ಅವಳು ಆ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು.

"ನಿನ್ನ ಮಗ ಅವತ್ತು ಏನು ಮರ್ತಿದ್ದ?" ಎಂದು ಕೇಳಿದೆ. ಜೇಬಿಗೆ ಕೈ ಹಾಕಿದ್ದ, ಎದುರು ಮಾತಾಡಿದ್ದ, ಏನಾದರೊಂದು ಹೇಳಲಿ ಎಂದು ನನ್ನ ಜೀವ ಹಾತೊರೆಯುತ್ತಿತ್ತು. ಒಳಗಿರುವ ನನ್ನ ಮಗಳು ಅಂಥದ್ದೇನೂ ಮಾಡುವವಳಲ್ಲ.

"ಏನೂ ಮರ್ತಿರ್ಲಿಲ್ಲ ನಾಯೆಫ್. ವಿಡಿಯೋ ನೋಡಿದೀನಿ. ಕೈ ಕಾಣ್ತಿತ್ತು. ಹೇಳೇ ಕಾರ್ಡ್ ತೆಗ್ದ. ಕೊನೇಲಿ ಸಾರ್ ಅಂತಾನೂ ಅಂದ."

"ಮತ್ತೆ ಅದನ್ನೇ ನನ್ನ ಮಗಳಿಗೆ ಯಾಕೆ ಕಲ್ಸಿದೆ?"

"ನನ್ಹತ್ರ ಬೇರೇನಿದೆ ಹೇಳು?"

ಅಷ್ಟು ಹೇಳಿ ಅವಳು ಕಾರಿನ ಬಾಗಿಲು ತೆರೆದಳು.

"ಎಲ್ಲಿಗೆ?"

"ಅವ್ನು ಒಬ್ನೇ ಇದ್ದ ಕಣಪ್ಪ. ಇವ್ಳು ಒಬ್ಳೇ ಇರ್ಬಾರ್ದು."

ಕೈಗಳನ್ನು ಮೇಲೆತ್ತಿ ಕೋಣೆಯತ್ತ ನಡೆದಳು. ಹೊರಗೆ ಕಾವಲಿದ್ದ ಸೈನಿಕ ನಿಲ್ಲು ಎಂದು ಕೂಗಿದ. ಮತ್ತೆ ಕೂಗಿದ. ಅವಳ ನಡಿಗೆ ನಿಧಾನವಾಗಲಿಲ್ಲ. ಅವನು ಬಂದೂಕನ್ನು ಹೆಗಲಿಗಿಟ್ಟು ಅವಳ ಬೆನ್ನಿಗೆ ಗುರಿ ಹಿಡಿದ.

ಹನಾದಿಯ ಅಪ್ಪ ನಾನು. ನಾನಿನ್ನೂ ಕಾರಿನಿಂದ ಇಳಿದಿರಲಿಲ್ಲ.