ಸೋಲಿಸದೆ ಸಾಯಲ್ಲ ಅಂದವನು

ಒಂದು ದ್ವೀಪದಲ್ಲಿ ಒಬ್ಬ ಸಾಹುಕಾರನಿದ್ದನಂತೆ. ಕಪ್ಪು ಬಿಳಿ ಕಲ್ಲಿಟ್ಟು ಹಲಗೆಯ ಜಾಗ ಸುತ್ತುವರಿಯುವ ಗೋ ಆಟದಲ್ಲಿ ಮನುಷ್ಯರನ್ನು ಸೋಲಿಸುವ ಯಂತ್ರ ತಂದವರಿಗೆ ಮನೆತುಂಬ ಹಣ ಕೊಡುತ್ತೇನೆಂದು ಸಾರಿದನಂತೆ. ಅದನ್ನು ನಂಬಿದವರಲ್ಲಿ ತೈನಾನ್ ಊರಿನ ಲೆಕ್ಕದ ಮೇಷ್ಟ್ರು ಪಾನ್ ಕುವೊ-ಜೆನ್ ಒಬ್ಬ.

ಇವತ್ತು ಅವನ ಹೆಣ ಎತ್ತುವ ದಿನ. ಶವಪೆಟ್ಟಿಗೆಯ ಮುಂದೆ ಅವನ ಹೆಂಡತಿ ಯುನ್-ಷ್ಯಾ ಸತ್ತವರಿಗೆ ಮುಟ್ಟಲೆಂದು ಕಾಗದದ ಹಣ ಸುಡುತ್ತಿದ್ದಳು.

"ಇಲ್ಲಂತೂ ಬಹುಮಾನ ಬರ್ಲಿಲ್ಲ. ತಗೋ, ಅಲ್ಲಾದ್ರೂ ಒಳ್ಳೇ ಯಂತ್ರ ಕೊಂಡ್ಕೋ."

ಪಾನ್‌ನ ಗೆಳೆಯ ಲೈ ಅವನ ಕಂಪ್ಯೂಟರನ್ನು ತಬ್ಬಿಕೊಂಡು ಒಳಗೆ ಬಂದ.

"ಅತ್ತಿಗೆ, ಒಂದಾಟ ಆಡ್ಬೇಕು."

"ಹೆಣ ಮುಂದಿಟ್ಕೊಂಡಾ? ತಲೆ ಕೆಟ್ಟಿದ್ಯಾ ನಿಂಗೆ?"

"ಆಸ್ಪತ್ರೇಲಿ ಮಲಗಿಕೊಂಡೇ ಕೊನೇ ಸಲ ಇದನ್ನ ತಿದ್ದಿದಾನೆ. ಎತ್ತೋಕೆ ಮುಂಚೆ ಅವಳ ಜೊತೆ ಆಡಿಸು ಅಂತ ನನ್ನಿಂದ ಮಾತು ತಗೊಂಡಿದಾನೆ."

ಯುನ್-ಷ್ಯಾ ಪೆಟ್ಟಿಗೆಯತ್ತ ತಿರುಗಿದಳು. "ಸುಳ್ಳ!" ಎಂದಳು. ಆಟದ ಹಲಗೆ ತಂದಳು.

*

ಆಗೆಲ್ಲ ಪಾನ್ ಯಂತ್ರವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಸ್ಪರ್ಧೆಗೆ ಹೋಗುತ್ತಿದ್ದ. ಕಂಪನಿಗಳು ಸಾಲುಸಾಲು ಯಂತ್ರ ಇಟ್ಟು, ನುರಿತ ಆಟಗಾರರಿಗೆ ಸಂಬಳ ಕೊಟ್ಟು ಅವಕ್ಕೆ ಆಟ ಕಲಿಸುತ್ತಿದ್ದವು. ಪಾನ್‌ಗೆ ಇದ್ದದ್ದು ಒಂದು ಯಂತ್ರ, ಒಬ್ಬಳು ಯುನ್-ಷ್ಯಾ. ಸಂಜೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಅದರೆದುರು ಕೂತರೆ ಅವಳದೇ ಗೆಲುವು.

"ಸೋತಿದ್ದೂ ಗೊತ್ತಾಗಲ್ಲ ನಿನ್ನ ಮಗನಿಗೆ. ಇನ್ನೂ ಆಡ್ತಾನೇ ಇದೆ!"

"ಅಪ್ಪನ ಬುದ್ಧಿ," ಎಂದು ನಗುತ್ತಿದ್ದ. "ಇದರ ಕೈಲಿ ನಿನ್ನ ಸೋಲಿಸದೆ ನಾನು ಸಾಯಲ್ಲ, ನೋಡ್ತಿರು."

ಸಾಹುಕಾರ ಸತ್ತ, ಬಹುಮಾನದ ಗಡುವೂ ಮುಗಿಯಿತು. ಪಾನ್ ಮಾತ್ರ ಯಂತ್ರದ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ.

*

ಲೈ ಕಂಪ್ಯೂಟರಿನ ತೆರೆ ನೋಡಿ ಯಂತ್ರದ ಪರವಾಗಿ ಕಪ್ಪು ಕಲ್ಲು ಇಡುತ್ತಾ ಹೋದ. ಪುರೋಹಿತರು ಕೆಮ್ಮಿದರು.

"ಅಮ್ಮಾ, ಘಳಿಗೆ ಮೀರ್ತಾ ಇದೆ."

"ಇರಿ ಸ್ವಾಮಿ. ಇವನೇನು ಓಡಿಹೋಗಲ್ಲ."

ಯುನ್-ಷ್ಯಾ ಮೂಲೆಯ ಕಪ್ಪು ಕಲ್ಲುಗಳಿಗೆ ಮುತ್ತಿಗೆ ಹಾಕಿದಳು. ಯಂತ್ರ ಅವನ್ನು ಉಳಿಸಲು ಹೋಗಲೇ ಇಲ್ಲ. ಸಾಯಲು ಬಿಟ್ಟು, ನಡುವಿನ ಬಯಲನ್ನೆಲ್ಲ ಸದ್ದಿಲ್ಲದೆ ಸುತ್ತುವರಿದು ತನ್ನದಾಗಿಸಿಕೊಂಡಿತು. ಅವಳ ಕೈ ಗಾಳಿಯಲ್ಲೇ ನಿಂತಿತು. ಹಲಗೆಯುದ್ದಕ್ಕೂ ದಾರಿ ಹುಡುಕಿದಳು. ಇರಲಿಲ್ಲ.

"ಅತ್ತಿಗೆ, ಬೇಕಂತ್ಲೇ ಬಿಟ್ಟುಕೊಡ್ತಿದೀರಾ..."

"ಬಾಯ್ಮುಚ್ಚು. ಮದುವೆಯಾದಾಗಿಂದ ಒಂದು ಕಲ್ಲೂ ಬಿಟ್ಟುಕೊಟ್ಟವಳಲ್ಲ ನಾನು."

ಹೊರಗೆ ಹೊರುವವರು ಸಿಗರೇಟು ಆರಿಸಿ ಎದ್ದು ನಿಂತರು. ಯುನ್-ಷ್ಯಾ, ಸೋಲೊಪ್ಪುವವರು ಮಾಡುವಂತೆ, ಎರಡು ಬಿಳಿ ಕಲ್ಲುಗಳನ್ನು ಹಲಗೆಯ ಮೂಲೆಗಿಟ್ಟಳು. ಗುಂಯ್‌ಗುಡುವ ಯಂತ್ರಕ್ಕೆ ನೆಲ ಮುಟ್ಟುವಷ್ಟು ತಲೆಬಾಗಿದಳು.

ತಲೆಯೆತ್ತದೆಯೇ ಹೇಳಿದಳು: "ಈಗ ಎತ್ತಿ."