ಜಗಲಿ ಮೇಲಿನ ಇಪ್ಪತ್ತೈದು ಅಕ್ಷರ

ಕುರುಗೋಡು ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಗೆ ಹೊಂದಿಕೊಂಡು ದಾಕ್ಷಾಯಣಿಯ ಝೆರಾಕ್ಸ್ ಅಂಗಡಿ ಇತ್ತು. ಹಿಂದುಗಡೆ ಮನೆ, ಮುಂದುಗಡೆ ಅಂಗಡಿ, ನಡುವೆ ಒಂದು ಪರದೆ. ಅಲ್ಲಿದ್ದ ಕಂಪ್ಯೂಟರಿಗೆ ಏಳು ವರ್ಷ. ಅದರೊಳಗಿನ ವಿಂಡೋಸ್ ಕಳ್ಳ ಮಾಲು ನಿಜ, ಆದರೆ ಸುಳ್ಳು ಹೇಳುವ ಜಾತಿಯದಲ್ಲ. ಬಲಗಡೆಯ ಕೆಳಮೂಲೆಯಲ್ಲಿ ನಿಂತು, ನಾನು ಅಸಲಿ ಅಲ್ಲ, ನಾನು ಅಸಲಿ ಅಲ್ಲ ಎಂದು ಹೋದವರಿಗೂ ಬಂದವರಿಗೂ ಒಪ್ಪಿಸುತ್ತಲೇ ಇತ್ತು. ಒಪ್ಪಿಸುತ್ತಿದ್ದುದು ಇಂಗ್ಲಿಷಿನಲ್ಲಾದ್ದರಿಂದ ಊರಿನಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹಚ್ಚಿಕೊಂಡವರು ಒಬ್ಬರೇ, ತಪಾಸಣೆಯ ವಿರೂಪಾಕ್ಷಿ ಸಾಹೇಬರು. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲವನ್ನೂ ಅಂಗಡಿಯಲ್ಲೇ ಮಾಡಿಕೊಡುವ ಪರವಾನಗಿಗೆ ದಾಕ್ಷಾಯಣಿ ಹೋದ ವರ್ಷ ಅರ್ಜಿ ಹಾಕಿದ್ದಳು. ಸಾಹೇಬರು ಬಂದರು, ಆ ಮೂಲೆ ಓದಿದರು, "ಅಸಲಿ ಹಾಕಿಸ್ರಿ, ಆಮ್ಯಾಲೆ ನೋಡೋಣು" ಎಂದು ಹೋದರು. ಈ ವರ್ಷ ಮತ್ತೆ ಮಂಗಳವಾರ ಮೂರು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ಊರಿಗೆ ಒಂದೇ ಪರವಾನಗಿ. ಈ ಸಲವೂ ತಪ್ಪಿದರೆ ಅದು ಎದುರಿನ ಮೊಬೈಲ್ ಅಂಗಡಿಯ ಎರ್ರಿಗೆ. ಎರ್ರಿ ಆಗಲೇ ಒಂದು ಹೊಸ ಬೆಂಚು ಮಾಡಿಸಿ ಹೊರಗಿಟ್ಟಿದ್ದ. ಅದರ ಮೇಲೆ ಇನ್ನೂ ಯಾರೂ ಕೂತಿರಲಿಲ್ಲ. ದಾಕ್ಷಾಯಣಿಗೆ ಮಾತ್ರ ಅದರ ಮೇಲೆ ತನ್ನ ಗಿರಾಕಿಗಳೆಲ್ಲ ಸಾಲಾಗಿ ಕೂತಂತೆ ಕಾಣುತ್ತಿತ್ತು.

ಹೀಗಾಗಿ ಅವಳು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ದುರ್ಗೇಶನ ಅಂಗಡಿಯಿಂದ ಅಸಲಿ ವಿಂಡೋಸಿನ ಡಬ್ಬಿ ತಂದಳು. ಕುರುಗೋಡಿನಿಂದ ಹಚ್ಚೊಳ್ಳಿಯವರೆಗೆ ಯಾರ ಕಂಪ್ಯೂಟರ್ ಮಲಗಿದರೂ ಎಬ್ಬಿಸುವವನು ಇದೇ ದುರ್ಗೇಶ. ಒಂದೇ ಒಂದು ಕಳ್ಳ ನಂಬರು ಅವನಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಎರಡು ತಾಲ್ಲೂಕು ಆ ಒಂದು ನಂಬರಿನ ಮೇಲೆ ನಡೆಯುತ್ತಿದ್ದವು. ಅಸಲಿ ಡಬ್ಬಿಯನ್ನು ಕೈಗೆ ಕೊಡುವಾಗ ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿ, "ನಾನೂ ಇದನ್ನ ಹಿಡಿದಿದ್ದು ಇದ ಮೊದಲು ಅಕ್ಕಾ" ಎಂದಿದ್ದ.

ಮಂಗಳವಾರ ಬೆಳಿಗ್ಗೆ ಅವನ ಫೋನು ಬಂತು. "ಹತ್ತರ ಬಸ್ಸಿಗೆ ಬರ್ತೀನಿ. ಡಬ್ಯಾಗ ಒಂದು ಕಾರ್ಡ್ ಐತಿ. ಅದರ ಮ್ಯಾಲೆ ಬೆಳ್ಳಿ ಬಣ್ಣದ ಪಟ್ಟಿ ಐತಿ. ಕೆರೆದು ಇಡ್ರಿ, ಇಪ್ಪತ್ತೈದು ಅಕ್ಷರ ಕಾಣ್ತಾವು. ಅವ ಕೀಲಿ."

ದಾಕ್ಷಾಯಣಿ ಕೆರೆದಳು. ಅಕ್ಷರಗಳು ಕಂಡವು. ಅಷ್ಟರಲ್ಲಿ ಅತ್ತೆ ವೀರಭದ್ರಮ್ಮ ಪರದೆ ಸರಿಸಿ ಬಂದರು.

"ಅದ ಏನು ಹೊಸಾದು?"

"ಹೌದ್ರಿ ಅತ್ತಿ."

"ಪೂಜಿ ಮಾಡಲಾರ್ದ ಒಳಗ ಹಾಕ್ತೀಯೇನು?"

ಮಿಕ್ಸಿ, ಗ್ಯಾಸಿನ ಒಲೆ, ಮಗನ ಮೋಟರ್ ಸೈಕಲ್ಲಿನ ಕೀಲಿ, ಎಲ್ಲವೂ ಮೊದಲು ದೇವರ ಜಗಲಿ ಹತ್ತಿ ಇಳಿದೇ ಈ ಮನೆಯಲ್ಲಿ ಕೆಲಸಕ್ಕೆ ಸೇರಿದ್ದವು. ವಿಂಡೋಸಿಗೆ ಬೇರೆ ಕಾನೂನು ಇರಲಿಲ್ಲ. ಅತ್ತೆ ದೀಪ ಹಚ್ಚಿದರು, ಡಬ್ಬಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಕುಂಕುಮದ ಭರಣಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ಗಂಡ ಹೋದ ಮೇಲೆ ಹದಿನಾಲ್ಕು ವರ್ಷದಿಂದ ಮುಟ್ಟಿದವರಲ್ಲ. ಅದು ಸೊಸೆಯ ಪಾಲು. ಕನ್ನಡಿಯಿಲ್ಲದೆ ದುಂಡಗೆ ಬೊಟ್ಟು ಇಡುವುದರಲ್ಲಿ ದಾಕ್ಷಾಯಣಿಗೆ ಓಣಿಯಲ್ಲಿ ಹೆಸರಿತ್ತು. ಕಾರ್ಡೇ ಮುಖ್ಯವೆಂದ ಮೇಲೆ ಬೊಟ್ಟೂ ಕಾರ್ಡಿಗೇ ಸಲ್ಲಬೇಕಲ್ಲ. ಕುಂಕುಮವನ್ನು ನೀರಿನಲ್ಲಿ ಕಲಸಿ, ಕಾರ್ಡಿನ ನಟ್ಟನಡುವೆ ರೂಪಾಯಿ ಅಗಲದ ಬೊಟ್ಟು ಇಟ್ಟು ಕೈ ಮುಗಿದಳು. ಬೊಟ್ಟು ಚೆನ್ನಾಗಿಯೇ ಬಂದಿತ್ತು.

ದುರ್ಗೇಶ ಬಂದ. ಅಂಗಡಿಯ ಫೈಲುಗಳನ್ನೆಲ್ಲ ತೆಗೆದಿಟ್ಟುಕೊಂಡು, ಹಳೆಯ ವಿಂಡೋಸನ್ನು ಅಳಿಸಿ, ಹೊಸದನ್ನು ಹಾಕುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. ಕಂಪ್ಯೂಟರ್ ಕೀಲಿ ಕೇಳಿತು. ದಾಕ್ಷಾಯಣಿ ಜಗಲಿಯಿಂದ ಕಾರ್ಡು ತಂದುಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಕ್ಕಾ, ಇದೇನು?"

"ಪೂಜಿ."

"ಪೂಜಿ ಸರಿ. ನಂಬರ್ ಎಲ್ಲೈತಿ?"

"ಅದರ ಕೆಳಗ."

ಐದೈದು ಅಕ್ಷರದ ಐದು ಗುಂಪು. ನಡುವಿನ ಗುಂಪು ಪೂರ್ತಿ ಕುಂಕುಮದಡಿ ಸೇರಿತ್ತು. "ಒಂದ ಅಕ್ಷರ ಆಗಿದ್ರ ಅಂದಾಜಿನ ಮ್ಯಾಲೆ ಹೊಡೀತಿದ್ದೆ" ಎಂದ ದುರ್ಗೇಶ. "ಐದು ಅಂದ್ರ ಈ ಜನ್ಮ ಸಾಲಂಗಿಲ್ಲ. ಒರೆಸ್ರಿ ಮತ್ತ."

ದಾಕ್ಷಾಯಣಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

ಆ ಮನೆಯಲ್ಲಿ, ಆ ಓಣಿಯಲ್ಲಿ, ಪೂಜೆಯಲ್ಲಿ ಇಟ್ಟ ಕುಂಕುಮ ತಾನಾಗಿ ಉದುರಬೇಕು, ಇಲ್ಲವೇ ಮಾರನೆಯ ದಿನ ನೀರಿಗೆ ಹೋಗಬೇಕು. ಕೈಯಿಂದ ಒರೆಸುವ ಸಂದರ್ಭ ಒಂದೇ ಇದೆ, ಅದರ ಹೆಸರನ್ನು ಯಾರೂ ಹೊಸ್ತಿಲೊಳಗೆ ಹೇಳುವುದಿಲ್ಲ. ಅದರಲ್ಲೂ ಇಟ್ಟವಳೇ ಒರೆಸುವುದು, ಅವಳ ಗಂಡ ಚನ್ನಬಸವರಾಜ ಹಚ್ಚೊಳ್ಳಿಯ ಕಾಲುವೆ ಬದಿಯಲ್ಲಿ ಭತ್ತ ಕೊಯ್ಯುವ ಯಂತ್ರದ ಮೇಲೆ ಕೂತಿರುವಾಗ, ಆಗುವ ಮಾತಲ್ಲ.

"ನೀನ ಒರೆಸು ದುರ್ಗೇಶ್. ನಮ್ಮದು ಬುದ್ಧನ ಮನಿ, ನಾವು ಇವನ್ನೆಲ್ಲ ನಂಬಂಗಿಲ್ಲ ಅಂತ ನೀನ ಹೇಳ್ತಿದ್ದೆಲ್ಲ."

"ನಾನು ನಂಬಂಗಿಲ್ಲ ಅಕ್ಕಾ. ಊರು ನಂಬ್ತೈತಿ. ನಾಳೆ ಅಣ್ಣಗ ಒಂದು ನೆಗಡಿ ಬಂದ್ರೂ ನನ್ನ ಹೆಸರು ಹೇಳ್ತಾರ." ಅವನು ಕಾರ್ಡನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಮೇಜಿನ ಮೇಲಿಟ್ಟ.

ದಾಕ್ಷಾಯಣಿ ಗಂಡನಿಗೇ ಫೋನು ಮಾಡಿದಳು. ಯಂತ್ರದ ಸದ್ದಿನಲ್ಲಿ ಅವನು ಎಲ್ಲ ಕೇಳಿ, "ಒರೆಸು, ಏನಾಕ್ಕೈತಿ, ನಮ್ದೇನು ಹಳೇ ಕಾಲ ಏನು" ಎಂದು ಇಟ್ಟ. ಎರಡು ನಿಮಿಷಕ್ಕೆ ಅವನೇ ತಿರುಗಿ ಮಾಡಿದ. "ತಡಿ, ಮಷಿನ್ ಮ್ಯಾಗಿಂದ ಇಳೀತೀನಿ. ಅಲ್ಲೀತನಕ ಒರೆಸಬ್ಯಾಡ." ಇನ್ನೂ ಎರಡು ನಿಮಿಷಕ್ಕೆ ಮತ್ತೆ. "ಇಳಿದೀನಿ. ನೆರಳಾಗ ಕುಂತೀನಿ. ಆದ್ರೂ ಸಾಹೇಬ್ರಿಗೆ ನಾಳೆ ಬಂದ್ರ ನಡೀತೈತೇನು ಕೇಳು."

ಕೇಳುವ ಅಗತ್ಯ ಬೀಳಲಿಲ್ಲ. ಎರಡು ಗಂಟೆಗೆ ವಿರೂಪಾಕ್ಷಿ ಸಾಹೇಬರೇ ಫೋನು ಮಾಡಿ, ಸಿರುಗುಪ್ಪದ ಕೆಲಸ ಮುಗಿಯಿತು, ಜೀಪು ಹತ್ತುತ್ತಿದ್ದೇನೆ ಎಂದರು.

ದುರ್ಗೇಶ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಅಕ್ಕಾ, ಹಿಂಗ ಮಾಡೋಣು. ಡಬ್ಬಿ ಅಸಲಿ, ಬಿಲ್ಲು ಅಸಲಿ. ರೊಕ್ಕ ಕೊಟ್ಟೀರಿ, ನಾನ ಸಾಕ್ಷಿ. ಒಳಗ ಮಾತ್ರ ನನ್ನ ನಂಬರ್ ಹೊಡೀತೀನಿ. ಈ ಸಲ ಮೂಲ್ಯಾಗ ಏನೂ ಕಾಣದಂಗ ಮಾಡ್ತೀನಿ. ಸಾಹೇಬ್ರು ಡಬ್ಬಿ ನೋಡ್ತಾರ, ಚಾ ಕುಡೀತಾರ, ಹೋಗ್ತಾರ. ಯಾರಿಗೂ ಮೋಸ ಇಲ್ಲ."

ಯಾರಿಗೆ ಮೋಸ ಎಂದು ದಾಕ್ಷಾಯಣಿ ಹುಡುಕಿ ನೋಡಿದಳು, ನಿಜಕ್ಕೂ ಯಾರೂ ಸಿಗಲಿಲ್ಲ. ಎದುರಿನ ಬೆಂಚನ್ನೂ ಒಮ್ಮೆ ನೋಡಿದಳು.

"ಬ್ಯಾಡ" ಎಂದಳು ಕೊನೆಗೆ. "ಎಂಟು ದಿನದಿಂದ ಅಸಲಿ ತಂದೀನಿ, ಅಸಲಿ ತಂದೀನಿ ಅಂತ ಓಣಿ ತುಂಬ ಹೇಳೀನಿ. ಈಗ ಒಳಗ ಅದ ಹಳೇದು ಕುಂತಿದ್ರ, ದಿನಾ ಬಾಗಿಲು ತಗದು ನಾನ ಅದರ ಮುಂದ ಕುಂದರಬೇಕಲ್ಲ."

"ಹಂಗಾದ್ರ ಎರ್ರಿಗೆ ಹೇಳಿ ಬರ್ಲೇನು, ಬೆಂಚಿನ ಧೂಳು ಹೊಡ್ಕೋ ಅಂತ?"

ಪರದೆಯ ಆಚೆ ಅಕ್ಕಿ ಹಸನು ಮಾಡುತ್ತ ಕೂತಿದ್ದ ವೀರಭದ್ರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು. ಬರುವಾಗ ಕೊಬ್ಬರಿ ಎಣ್ಣೆಯ ಶೀಸೆಯನ್ನೂ ಒಂದು ಚೂರು ಹತ್ತಿಯನ್ನೂ ತಂದರು.

"ಕೊಡು ಇಲ್ಲಿ."

"ಅತ್ತಿ, ನೀವು ಬ್ಯಾಡ್ರಿ."

"ಯಾಕ? ನನಗ ಇನ್ನೇನು ಆಗೋದೈತಿ?"

ದಾಕ್ಷಾಯಣಿ ಕಾರ್ಡು ಕೊಟ್ಟಳು. ಅವರು ಸ್ಟೂಲಿನ ಮೇಲೆ ಕೂತು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡರು. ಹತ್ತಿಗೆ ಎಣ್ಣೆ ಹನಿಸಿ ಬೊಟ್ಟಿನ ಮೇಲೆ ಒತ್ತಿ ಹಿಡಿದು, ಸುಮ್ಮನೆ ಕೂತರು.

"ತಿಕ್ಕ್ರಿ ಅವ್ವಾರ" ಎಂದ ದುರ್ಗೇಶ, ಗಡಿಯಾರ ನೋಡುತ್ತ.

"ತಿಕ್ಕಬಾರದು. ನೆನೀಬೇಕು." ಸೀರೆಯ ಕಲೆ ತೆಗೆಯುವ ಬಗೆ ಹೇಳುವವರ ದನಿಯಲ್ಲಿ ಅವರು ಹೇಳಿದರು, "ನಂದು ಒರೆಸುವಾಗ ಬರೇ ನೀರು ಹಚ್ಚಿ ತಿಕ್ಕಿದ್ರು. ಮೂರು ಮಂದಿ. ನಾಕು ದಿನ ಹಣಿ ಉರೀತು. ಎಣ್ಣಿ ಹಚ್ಚಬೇಕಂತ ಒಬ್ಬಾಕಿಗೂ ಹೊಳೀಲಿಲ್ಲ ನೋಡು."

ಅಂಚಿನಿಂದ ಒಳಕ್ಕೆ, ಒಂದು ಸಲಕ್ಕೆ ಒಂದು ಕಾಳಿನಷ್ಟು, ಅವರು ಕುಂಕುಮವನ್ನು ಹತ್ತಿಗೆ ಎತ್ತಿಕೊಂಡರು. ಮೊದಲ ಅಕ್ಷರ ಬಂತು. ದುರ್ಗೇಶ ಓದಿದ. ಎರಡನೆಯದು ಬಂತು. ದಾಕ್ಷಾಯಣಿ ಕಾರ್ಡನ್ನು ನೋಡುತ್ತಿರಲಿಲ್ಲ, ಅತ್ತೆಯ ಹಣೆ ನೋಡುತ್ತಿದ್ದಳು. ಹತ್ತು ವರ್ಷದಿಂದ ದಿನವೂ ನೋಡುತ್ತಿದ್ದ ಹಣೆ. ಅಲ್ಲಿ ವಿಭೂತಿಯ ಕೆಳಗೆ ಏನಾಗಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ.

ಐದನೆಯ ಅಕ್ಷರ ಬಂದಾಗ ಗಂಟೆ ಎರಡೂ ಮುಕ್ಕಾಲು. ದುರ್ಗೇಶ ಇಪ್ಪತ್ತೈದನ್ನೂ ಹೊಡೆದ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಕುರುಗೋಡಿನ ನೆಟ್‌ವರ್ಕು ಎಂದಿನ ತನ್ನ ನಡಿಗೆಯಲ್ಲೇ ಹೋಗಿ, ಎಲ್ಲಿಗೋ ಹೋಗಿ, ಕೇಳಿಕೊಂಡು ಬಂತು. ಒಂದು ಸಾಲು ಮೂಡಿತು.

"ಆತು" ಎಂದ ದುರ್ಗೇಶ.

"ಇಷ್ಟನ?" ವೀರಭದ್ರಮ್ಮ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲಿನಂಗ ಐತೆಲ್ಲ."

"ಹಂಗ ಕಾಣ್ತೈತ್ರಿ. ಆದ್ರ ಅಸಲಿ."

"ಹಳೇದು ಎಲ್ಲಿ ಹೋತು?"

"ಅಳಿಸಿಬಿಟ್ಟೆ ಅವ್ವಾರ."

"ಅದೂ ಏಳು ವರ್ಷ ದುಡಿದಿತ್ತಪ್ಪ" ಎಂದರು ಅವರು. ದುರ್ಗೇಶ ತಪ್ಪು ಮಾಡಿದವನ ಹಾಗೆ ಬ್ಯಾಗಿನ ಜಿಪ್ಪು ಎಳೆದ.

ಮೂರು ಹತ್ತಕ್ಕೆ ವಿರೂಪಾಕ್ಷಿ ಸಾಹೇಬರು ಬಂದರು. ಮೂಲೆ ನೋಡಿದರು. ಬಿಲ್ಲು ನೋಡಿದರು. ಎಣ್ಣೆಯ ಕಾರ್ಡನ್ನು ಮೂಸಿ ನೋಡಿ ಏನೂ ಕೇಳದೆ ಕೆಳಗಿಟ್ಟರು. ಕಾಗದ ತೆಗೆದು, ಟಿಕ್ ಹಾಕಿ, ಪೆನ್ನನ್ನು ಮೇಜಿನ ಈಚೆ ಬದಿಗೆ ಚಾಚಿದರು. ಈಚೆ ಬದಿಯಲ್ಲಿ ಯಾರೂ ಇರಲಿಲ್ಲ.

ಹಿತ್ತಲಿನಲ್ಲಿ ದಾಕ್ಷಾಯಣಿ ತಂಬಿಗೆಯಿಂದ ಅತ್ತೆಯ ಕೈಗೆ ನೀರು ಹಾಕುತ್ತಿದ್ದಳು. ಎಣ್ಣೆಯ ಕೈ, ಬೇಗ ಬಿಡುವುದಲ್ಲ. ಕೆಂಪು ನೀರು ಬಚ್ಚಲ ಕಲ್ಲಿನ ಮೇಲೆ ಹರಿದು ಹೋಗುತ್ತಿತ್ತು.

"ಅಮ್ಮಾರ, ಸೈನ್ ಯಾರು ಮಾಡ್ತೀರಿ?" ಒಳಗಿಂದ ಸಾಹೇಬರು ಕೂಗಿದರು. "ನಾನು ಬಳ್ಳಾರಿ ಮುಟ್ಟಬೇಕು."

"ಹೋಗ, ಕರಿಯಾಕ ಹತ್ಯಾರ" ಎಂದರು ವೀರಭದ್ರಮ್ಮ.

"ಕುಂದರ್ರಿ ಸಾಹೇಬ್ರ, ಬರ್ತೀನಿ" ಎಂದು ದಾಕ್ಷಾಯಣಿ ಅಲ್ಲಿಂದಲೇ ಹೇಳಿದಳು. "ನಮ್ಮತ್ತಿ ಕೈ ತೊಳ್ಕಳಾಕ ಹತ್ಯಾರ."

ಮತ್ತೊಂದು ತಂಬಿಗೆ ತುಂಬಿಸಿಕೊಂಡಳು.